ಮನಸ್ಸಾಕ್ಷಿ ಒಪ್ಪುವಷ್ಟು ಪ್ರೀತಿ

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಳೆಯ ಗಾದೆ. ಈ ಗಾದೆಯನ್ನು ಕಟ್ಟಿದ ಹಿರಿಯರು ಮನೆಯ ಜಗಳವನ್ನೂ ಸಂತೆಯ ಜಗಳವನ್ನೂ ಕಂಡಿದ್ದರೇ ಹೊರತು, ಪಂಡಿತರ ಜಗಳವನ್ನು ಅಷ್ಟಾಗಿ ಕಂಡಿರಲಿಲ್ಲವೆಂದು ತೋರುತ್ತದೆ. ಒಂದೇ ಗ್ರಂಥವನ್ನು ಪ್ರಮಾಣವೆಂದು ನಂಬಿ, ಒಬ್ಬನೇ ಪ್ರಭುವನ್ನು ಆರಾಧಿಸುವ ಮಾತುಬಲ್ಲವರು ಎದುರುಬದುರಾಗಿ ಕುಳಿತಾಗ ಹುಟ್ಟುವ ಜಗಳದ ಬಗೆಯೇ ಬೇರೆ. ಹೊರಗಿನವನೊಡನೆ ಬಂದ ವ್ಯಾಜ್ಯವು ಒಂದು ತಲೆಮಾರಿನಲ್ಲಿ ತೀರಬಹುದು. ದಾಯಾದಿಗಳ ವ್ಯಾಜ್ಯವು ಮೊಮ್ಮಕ್ಕಳ ಕಾಲಕ್ಕೂ ಉಳಿದುಬರುತ್ತದೆ. ಕ್ರೈಸ್ತಧರ್ಮದ ಚರಿತ್ರೆಯಲ್ಲಿ ಇಂತಹ ಒಂದು ದಾಯಾದಿ ವ್ಯಾಜ್ಯವು ೧೫೨೯ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಮಾರ್ಬುರ್ಗ್ ಎಂಬ ಊರಿನ ಕೋಟೆಯೊಳಗೆ ನಾಲ್ಕು ದಿನಗಳ ಕಾಲ ನಡೆಯಿತು. ಅದು ತೀರುವುದಕ್ಕೆ ಹಿಡಿದ ಕಾಲ ೪೪೪ ವರ್ಷ.

ಆ ನಾಲ್ಕು ದಿನಗಳ ಕಥೆಯನ್ನು ನೆನೆಯಬೇಕಾದುದು ಗೆದ್ದವರಾರು, ಸೋತವರಾರು ಎಂದು ತೀರ್ಪು ಕೊಡುವುದಕ್ಕಲ್ಲ. ತಾನು ಸತ್ಯವೆಂದು ನಂಬಿದುದನ್ನು ಕೂದಲೆಳೆಯಷ್ಟೂ ಬಿಟ್ಟುಕೊಡಲಾರದ ಮನುಷ್ಯನು, ಅದೇ ಸತ್ಯವನ್ನು ಬೇರೆ ರೀತಿಯಲ್ಲಿ ಕಂಡವನೊಡನೆ ಹೇಗೆ ನಡೆದುಕೊಳ್ಳಬೇಕು? ನಂಬಿಕೆ ಗಟ್ಟಿಯಾದಷ್ಟೂ ಮನಸ್ಸು ಕಲ್ಲಾಗಲೇಬೇಕೆ? ಮನಸ್ಸು ಕರಗಿದರೆ ನಂಬಿಕೆಯೂ ಕರಗಿಹೋಗುವುದೆ? ಈ ಪ್ರಶ್ನೆ ಮಾರ್ಬುರ್ಗಿನಲ್ಲಿ ಎದ್ದು ನಿಂತಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಎದ್ದುನಿಂತಂತಿಲ್ಲ.

ಒಂದು ಪದದ ವಿವಾದ

ಮಾರ್ಟಿನ್ ಲೂಥರನು ೧೫೧೭ರಲ್ಲಿ ವಿಟ್ಟೆನ್‌ಬರ್ಗ್ ನಗರದಲ್ಲಿ ಪಾಪಕ್ಷಮೆಯ ಪತ್ರಗಳ ಮಾರಾಟವನ್ನು ಖಂಡಿಸಿ ೯೫ ವಾದಾಂಶಗಳನ್ನು ಮುಂದಿಟ್ಟ ಸಂಗತಿಯನ್ನು ವಾಚಕರು ಬಲ್ಲರು. ಎರಡು ವರ್ಷಗಳಾದ ಮೇಲೆ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಹುಲ್ಡ್ರಿಖ್ ಜ್ವಿಂಗ್ಲಿ ಎಂಬ ಇನ್ನೊಬ್ಬ ಬೋಧಕನು ಅಂತಹುದೇ ಸುಧಾರಣೆಯ ಕೆಲಸಕ್ಕೆ ಕೈಹಾಕಿದನು. ಲೂಥರನು ಹುಟ್ಟಿದುದು ೧೪೮೩ರ ನವೆಂಬರಿನಲ್ಲಿ. ಜ್ವಿಂಗ್ಲಿ ಹುಟ್ಟಿದುದು ೧೪೮೪ರ ಜನವರಿ ಮೊದಲನೆಯ ದಿನ. ಇಬ್ಬರ ವಯಸ್ಸಿಗೂ ಎರಡು ತಿಂಗಳ ಅಂತರವಿರಲಿಲ್ಲ. ಇಬ್ಬರೂ ರೋಮಿನ ಅಧಿಕಾರವನ್ನು ಎದುರಿಸಿದವರು. ಮಠದ ವ್ರತಗಳಿಗಿಂತ ದೇವರ ಕೃಪೆಯೇ ದೊಡ್ಡದೆಂದು ಸಾರಿದವರು. ಸತ್ಯವೇದವನ್ನು ಜನರ ಮಾತಿನಲ್ಲಿ ಜನರ ಕೈಗಿತ್ತವರು. ಇಷ್ಟು ಸಮಾನವಾಗಿದ್ದ ಇಬ್ಬರನ್ನು ಬೇರ್ಪಡಿಸಿದುದು ಒಂದೇ ಒಂದು ಕ್ರಿಯಾಪದ.

ಯೇಸುಕ್ರಿಸ್ತನು ಶಿಲುಬೆಗೇರುವ ಮುನ್ನಿನ ರಾತ್ರಿ ಶಿಷ್ಯರೊಡನೆ ಭೋಜನಕ್ಕೆ ಕುಳಿತು, ರೊಟ್ಟಿಯನ್ನು ಮುರಿದುಕೊಟ್ಟು ಅದು ತನ್ನ ದೇಹವೆಂದೂ, ದ್ರಾಕ್ಷಾರಸದ ಬಟ್ಟಲನ್ನಿತ್ತು ಅದು ತನ್ನ ರಕ್ತವೆಂದೂ ನುಡಿದನೆಂದು ಸುವಾರ್ತೆಗಳು ಹೇಳುತ್ತವೆ. ಆ ಭೋಜನದ ಸ್ಮರಣೆಯಲ್ಲಿ ಕ್ರೈಸ್ತರು ಇಂದಿಗೂ ಪ್ರಭುಭೋಜನವನ್ನು ಆಚರಿಸುತ್ತಾರೆ. ಯಜಮಾನನು ರೊಟ್ಟಿಯನ್ನು ತನ್ನ ದೇಹವೆಂದುದರ ಅರ್ಥವೇನು? ಅದು ನಿಜವಾಗಿಯೂ ದೇಹವೇ ಎಂದು ಲೂಥರ್. ದೇಹವನ್ನು ಸೂಚಿಸುತ್ತದೆ ಎಂದು ಜ್ವಿಂಗ್ಲಿ. ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರು ಇದನ್ನು ವಾಚ್ಯಾರ್ಥ ಲಕ್ಷ್ಯಾರ್ಥಗಳ ವಿವಾದವೆಂದಾರು. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ದಡದಲ್ಲಿದೆ ಎಂದು ತಿಳಿಯಬೇಕೆಂಬುದು ಲಕ್ಷಣೆಯ ಹಳೆಯ ಉದಾಹರಣೆ. ಜ್ವಿಂಗ್ಲಿಯ ವಾದವೂ ಬಹುಮಟ್ಟಿಗೆ ಹಾಗೆಯೇ ಇತ್ತು.

ಇಷ್ಟಕ್ಕಾಗಿ ಇಷ್ಟೊಂದು ಜಗಳವೆ ಎಂದು ಹೊರಗಿನವನು ನಕ್ಕುಬಿಡಬಹುದು. ಆದರೆ ಆ ಇಬ್ಬರಿಗೂ ಅದು ನಗುವ ವಿಷಯವಾಗಿರಲಿಲ್ಲ. ಲೂಥರನು ಯೌವನದಲ್ಲಿ ಸಂನ್ಯಾಸಿಯಾಗಿದ್ದಾಗ ತನ್ನ ಪಾಪಕ್ಕೆ ಕ್ಷಮೆಯುಂಟೋ ಇಲ್ಲವೋ ಎಂಬ ಭೀತಿಯಲ್ಲಿ ಬೆಂದವನು. ಆ ಭೀತಿಯಿಂದ ಅವನನ್ನು ಪಾರುಮಾಡಿದುದು ತನ್ನ ಭಕ್ತಿಯಲ್ಲ, ತನ್ನ ಬುದ್ಧಿಯಲ್ಲ. ದೇವರು ಆಡಿದ ಮಾತು ಸುಳ್ಳಾಗದೆಂಬ ಒಂದೇ ಭರವಸೆ. ಪ್ರಭುವು ಆಡಿದ ಮಾತಿನಲ್ಲಿ ಒಂದು ಪದವನ್ನು ಬುದ್ಧಿಗೆ ಒಗ್ಗುವಂತೆ ಬದಲಾಯಿಸಿಕೊಂಡರೆ, ನಾಳೆ ಕ್ಷಮೆಯ ಮಾತನ್ನೂ ಹಾಗೆಯೇ ಬದಲಾಯಿಸಬಹುದಲ್ಲವೆ? ಮರಣಶಯ್ಯೆಯಲ್ಲಿ ಮಲಗಿದ ಪಾಪಿಯು ಆಗ ಯಾವ ಮಾತನ್ನು ಹಿಡಿದುಕೊಳ್ಳಬೇಕು? ಲೂಥರನ ಹಟದ ಕೆಳಗೆ ಈ ದುಃಖವಿತ್ತು.

ಜ್ವಿಂಗ್ಲಿಯ ವಾದದ ಕೆಳಗೂ ಭಕ್ತಿಯೇ ಇತ್ತು. ಪುನರುತ್ಥಾನ ಹೊಂದಿದ ಕ್ರಿಸ್ತನ ದೇಹವು ತಂದೆಯ ಬಲಪಾರ್ಶ್ವದಲ್ಲಿರುವಾಗ ಅದು ಸಾವಿರ ಬಲಿಪೀಠಗಳ ಮೇಲೆ ಏಕಕಾಲದಲ್ಲಿರುವುದೆಂದರೆ, ಅವನು ನಿಜವಾಗಿ ಮನುಷ್ಯನಾದನೆಂಬ ಮಾತಿಗೇ ಕುಂದು ಬಂದೀತು. ಜನರು ರೊಟ್ಟಿಗೆ ಕೈಮುಗಿದು ಪ್ರಭುವನ್ನು ಮರೆತಾರೆಂಬ ಭಯವೂ ಅವನಿಗಿತ್ತು. ಸ್ವಿಸ್ ಯೋಧನು ಅಂಗಿಯ ಮೇಲೆ ಬಿಳಿಯ ಶಿಲುಬೆಯನ್ನು ಹೊಲಿದುಕೊಂಡರೆ ತಾನು ಒಕ್ಕೂಟಕ್ಕೆ ಸೇರಿದವನೆಂದು ಸಾರಿದಂತೆ. ಸಂಸ್ಕಾರಗಳು ಅಂತಹ ಪ್ರತಿಜ್ಞೆಯ ಗುರುತುಗಳೆಂದು ಅವನು ವಿವರಿಸುತ್ತಿದ್ದನು. ೧೫೨೫ರಿಂದ ಮುಂದಕ್ಕೆ ಎರಡು ಕಡೆಯವರೂ ಪುಸ್ತಕದ ಮೇಲೆ ಪುಸ್ತಕವನ್ನು ಅಚ್ಚುಹಾಕಿಸಿ ಒಬ್ಬರನ್ನೊಬ್ಬರು ಹೀಯಾಳಿಸಿದರು. ಲೂಥರನ ಲೇಖನಿಯಲ್ಲಿ ಎದುರಾಳಿಗಳು ಸೈತಾನನ ಶಿಷ್ಯರಾದರು. ಜ್ವಿಂಗ್ಲಿಯ ಕಡೆಯವರ ಲೇಖನಿಯಲ್ಲಿ ಲೂಥರನ ಮಂದಿ ಮಾಂಸಭಕ್ಷಕರಾದರು.

ಕೋಟೆಯೊಳಗೆ ನಾಲ್ಕು ದಿನ

ಇವರನ್ನು ಒಂದೆಡೆ ಕೂಡಿಸಿದವನು ಹೆಸ್ಸೆ ಸೀಮೆಯ ಅರಸು ಫಿಲಿಪ್. ಆಗ ಅವನಿಗೆ ೨೪ ವರ್ಷ. ೧೫೨೯ರ ಏಪ್ರಿಲಿನಲ್ಲಿ ಸ್ಪೈಯರ್ ನಗರದ ಸಮ್ಮೇಳನದಲ್ಲಿ ಸುಧಾರಣೆಯ ಪಕ್ಷದ ಅರಸರು ಬಹುಮತದ ನಿರ್ಣಯವನ್ನು ಪ್ರತಿಭಟಿಸಿದ್ದರು. ಪ್ರೊಟೆಸ್ಟಂಟ್ ಎಂಬ ಹೆಸರು ಹುಟ್ಟಿದುದೇ ಆ ಪ್ರತಿಭಟನೆಯಿಂದ. ಚಕ್ರವರ್ತಿ ಐದನೆಯ ಚಾರ್ಲ್ಸನು ತಮ್ಮ ಮೇಲೆ ದಂಡೆತ್ತಿ ಬಂದರೆ ಜರ್ಮನರೂ ಸ್ವಿಸರೂ ಒಟ್ಟಾಗಿ ನಿಲ್ಲಬೇಕೆಂಬುದು ಫಿಲಿಪನ ಲೆಕ್ಕಾಚಾರ. ರಾಜಕಾರಣದ ಗಂಟು ಇದರಲ್ಲಿ ಇತ್ತೆಂಬುದು ನಿಜ. ಆದರೆ ಬೇಹಿನವರ ಕಣ್ಣಿಗೆ ಬೀಳದಂತೆ ಜೂರಿಕ್ಕಿನಿಂದ ರಾತ್ರಿಯಲ್ಲಿ ಗುಟ್ಟಾಗಿ ಹೊರಟು, ಅಪಾಯದ ಹಾದಿಯನ್ನು ದಾಟಿಬಂದ ಜ್ವಿಂಗ್ಲಿಗೆ ರಾಜಕಾರಣದ ಜೊತೆಗೆ ಇನ್ನೊಂದು ಆಸೆಯೂ ಇದ್ದಿತು. ಲೂಥರನಾದರೋ ಒಲ್ಲದ ಮನಸ್ಸಿನಿಂದಲೇ ಬಂದವನು.

ಅಕ್ಟೋಬರ್ ಒಂದರಂದು ಫಿಲಿಪನು ಜಾಣತನದ ಒಂದು ಏರ್ಪಾಡನ್ನು ಮಾಡಿದನು. ಬೆಂಕಿಯಂತಹ ಇಬ್ಬರನ್ನು ಮೊದಲೇ ಎದುರೆದುರು ಕೂರಿಸದೆ, ಲೂಥರನನ್ನು ಬಾಸೆಲ್ ನಗರದ ಸೌಮ್ಯಸ್ವಭಾವದ ಪಂಡಿತ ಈಕೊಲಂಪಾಡಿಯಸನೊಡನೆಯೂ, ಜ್ವಿಂಗ್ಲಿಯನ್ನು ಲೂಥರನ ಗೆಳೆಯನಾದ ಮೃದುಭಾಷಿ ಮೆಲಾಂಕ್ತನನೊಡನೆಯೂ ಪ್ರತ್ಯೇಕವಾಗಿ ಮಾತನಾಡಿಸಿದನು. ಮರುದಿನ ಮುಂಜಾನೆ ಎಲ್ಲರೂ ಒಂದೇ ಮೇಜಿನ ಸುತ್ತ ಸೇರಿದರು. ಅಧಿಕೃತವಾದ ವರದಿಯನ್ನು ಯಾರೂ ಬರೆದಿಡಲಿಲ್ಲ. ಹಾಜರಿದ್ದವರು ಬಳಿಕ ಬರೆದುಕೊಂಡ ಟಿಪ್ಪಣಿಗಳಿಂದ ಅಲ್ಲಿ ನಡೆದುದು ತಿಳಿದುಬರುತ್ತದೆ.

ಮಾತು ಆರಂಭವಾಗುವ ಮೊದಲೇ ಲೂಥರನು ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಂಡು, ವಿವಾದಕ್ಕೆ ಕಾರಣವಾದ ಪ್ರಭುವಿನ ಮಾತನ್ನು ನಾಲ್ಕು ಲ್ಯಾಟಿನ್ ಪದಗಳಲ್ಲಿ ಮೇಜಿನ ಮೇಲೆ ಬರೆದನು. ಅದರ ಮೇಲೆ ಮಕಮಲ್ಲಿನ ಹೊದಿಕೆಯನ್ನು ಎಳೆದನು. ಈಕೊಲಂಪಾಡಿಯಸನೂ ಜ್ವಿಂಗ್ಲಿಯೂ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವನ್ನು ಹಿಡಿದರು. ಜೀವ ಕೊಡುವುದು ಆತ್ಮ, ಮಾಂಸದಿಂದ ಪ್ರಯೋಜನವಿಲ್ಲವೆಂದು ಪ್ರಭುವೇ ಅಲ್ಲಿ ಹೇಳಿರುವನೆಂದು ವಾದಿಸಿದರು. ಆ ವಚನವು ಲೂಥರನ ಕುತ್ತಿಗೆಯನ್ನು ಮುರಿಯುವಂತಹುದೆಂದು ಜ್ವಿಂಗ್ಲಿ ತನ್ನ ಊರಿನ ಮಾತಿನ ರೂಢಿಯಂತೆ ಅಂದುಬಿಟ್ಟನು. ಕುತ್ತಿಗೆಗಳು ಇಲ್ಲಿ ಅಷ್ಟು ಸುಲಭವಾಗಿ ಮುರಿಯುವುದಿಲ್ಲ, ಇದು ಹೆಸ್ಸೆಯೇ ಹೊರತು ಸ್ವಿಟ್ಜರ್ಲೆಂಡ್ ಅಲ್ಲ ಎಂದು ಲೂಥರನು ಮಾರ್ನುಡಿದನು. ಜ್ವಿಂಗ್ಲಿ ತಬ್ಬಿಬ್ಬಾಗಿ, ಅದು ತಮ್ಮ ನಾಡಿನ ನುಡಿಗಟ್ಟು, ಬೇರೆ ಅರ್ಥವಿಲ್ಲವೆಂದು ಕ್ಷಮೆ ಕೇಳಬೇಕಾಯಿತು. ಪದಗಳ ಲಕ್ಷ್ಯಾರ್ಥವನ್ನು ಒಪ್ಪಲೊಲ್ಲದ ಲೂಥರನು ನುಡಿಗಟ್ಟಿನ ಲಕ್ಷ್ಯಾರ್ಥವನ್ನೂ ಒಪ್ಪದೆ ಹೋದುದು ವಿಚಿತ್ರ.

ವಾದ ಎರಡು ದಿನ ನಡೆಯಿತು. ಪ್ರಮಾಣವೆಲ್ಲಿ ಎಂದು ಜ್ವಿಂಗ್ಲಿಯ ಕಡೆಯವರು ಒತ್ತಿ ಕೇಳಿದಾಗ ಲೂಥರನು ಹೊದಿಕೆಯನ್ನು ಸರಿಸಿ ಸೀಮೆಸುಣ್ಣದ ಅಕ್ಷರಗಳನ್ನು ತೋರಿಸಿದನು. ಅದರಿಂದಾಚೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಊರಿನಲ್ಲಿ ಬೆವರುಜ್ವರವೆಂಬ ಸಾಂಕ್ರಾಮಿಕ ರೋಗ ಕಾಣಿಸಿಕೊಂಡಿದ್ದುದರಿಂದ ಮಾತನ್ನು ಬೇಗ ಮುಗಿಸಬೇಕಾಯಿತು. ಮುಗಿಸುವಾಗ, ತನ್ನ ಮಾತು ಕಟುವಾಗಿದ್ದರೆ ಮನ್ನಿಸಬೇಕು, ತಾನೂ ರಕ್ತಮಾಂಸಗಳ ಮನುಷ್ಯನೇ ಎಂದು ಲೂಥರನು ಕೇಳಿಕೊಂಡನು. ಜ್ವಿಂಗ್ಲಿಯೂ ತನ್ನ ಒರಟುತನಕ್ಕೆ ಕ್ಷಮೆ ಬೇಡಿದನು. ಈ ಭೂಮಿಯ ಮೇಲೆ ವಿಟ್ಟೆನ್‌ಬರ್ಗಿನವರಿಗಿಂತ ಹೆಚ್ಚಾಗಿ ತಾನು ಒಂದಾಗಿರಲು ಬಯಸುವ ಜನರು ಬೇರೆ ಇಲ್ಲವೆಂದು ಹೇಳುವಾಗ ಅವನ ಕಣ್ಣುಗಳಲ್ಲಿ ನೀರಿತ್ತು.

ಆ ಗಳಿಗೆಯಲ್ಲಿ ಕೈ ಚಾಚಿದ್ದಿತು. ಹಿಡಿಯುವ ಕೈ ಮುಂದಕ್ಕೆ ಬರಲಿಲ್ಲ. ಸ್ಟ್ರಾಸ್‌ಬರ್ಗಿನ ಮಾರ್ಟಿನ್ ಬುಟ್ಸರನು ತಮ್ಮನ್ನು ಸಹೋದರರೆಂದು ಒಪ್ಪುವಿರಾ ಎಂದು ಕೇಳಿದಾಗ, ನಿಮ್ಮ ಆತ್ಮವೇ ಬೇರೆ, ನಮ್ಮ ಆತ್ಮವೇ ಬೇರೆ ಎಂಬರ್ಥದ ಉತ್ತರವನ್ನು ಲೂಥರನು ಕೊಟ್ಟನು. ಶಾಂತಿಯ ಹಸ್ತ, ದಯೆಯ ಹಸ್ತ ಉಂಟು, ಸಹೋದರತ್ವದ ಹಸ್ತವಿಲ್ಲ.

ಹದಿನೈದನೆಯ ಅಂಶ

ಹಾಗೆಂದು ಸಭೆ ಬರಿಗೈಯಲ್ಲಿ ಚದುರಲಿಲ್ಲ. ಫಿಲಿಪನ ಒತ್ತಾಯದ ಮೇಲೆ ಲೂಥರನೇ ಒಪ್ಪಂದದ ಹದಿನೈದು ಅಂಶಗಳನ್ನು ಬರೆದನು. ಎಲ್ಲರೂ ಬೆರಗಾಗುವಂತೆ ಹದಿನಾಲ್ಕು ಅಂಶಗಳಲ್ಲಿ ಎರಡು ಪಕ್ಷಗಳಿಗೂ ಏಕಾಭಿಪ್ರಾಯವಿತ್ತು. ಹದಿನೈದನೆಯದು ಪ್ರಭುಭೋಜನವನ್ನು ಕುರಿತದ್ದು. ಅದರಲ್ಲಿಯೂ ಹೆಚ್ಚಿನ ಪಾಲು ಒಪ್ಪಿತವಾದುದೇ. ಉಳಿದುದು, ಕ್ರಿಸ್ತನ ದೇಹರಕ್ತಗಳು ರೊಟ್ಟಿಯಲ್ಲಿಯೂ ದ್ರಾಕ್ಷಾರಸದಲ್ಲಿಯೂ ದೈಹಿಕವಾಗಿ ಇವೆಯೇ ಎಂಬ ಒಂದು ಮಾತು. ಅದರಲ್ಲಿ ಈಗ ಒಮ್ಮತವಾಗಿಲ್ಲವೆಂದು ನೇರವಾಗಿ ಬರೆದು, ಹಾಗಿದ್ದರೂ ಪ್ರತಿಯೊಬ್ಬನ ಮನಸ್ಸಾಕ್ಷಿ ಒಪ್ಪುವಷ್ಟರ ಮಟ್ಟಿಗೆ ಒಂದು ಪಕ್ಷವು ಇನ್ನೊಂದಕ್ಕೆ ಕ್ರೈಸ್ತಪ್ರೀತಿಯನ್ನು ತೋರಬೇಕು, ಸರಿಯಾದ ತಿಳಿವಳಿಕೆಗಾಗಿ ಇಬ್ಬರೂ ದೇವರನ್ನು ಪ್ರಾರ್ಥಿಸಬೇಕು ಎಂದು ಸೇರಿಸಿದರು. ಕೆಳಗೆ ಹತ್ತು ಮಂದಿ ರುಜು ಹಾಕಿದರು. ಲೂಥರನ ರುಜುವೂ ಇತ್ತು, ಜ್ವಿಂಗ್ಲಿಯ ರುಜುವೂ ಇತ್ತು.

ಈ ವಾಕ್ಯದಲ್ಲಿ ಎರಡು ಗುಣಗಳಿವೆ. ಇಲ್ಲದ ಒಮ್ಮತವನ್ನು ಅದು ಇದೆಯೆಂದು ನಟಿಸುವುದಿಲ್ಲ. ಒಮ್ಮತವಿಲ್ಲವೆಂಬ ಕಾರಣಕ್ಕೆ ಪ್ರೀತಿಯ ಋಣವನ್ನು ಮನ್ನಾ ಮಾಡುವುದೂ ಇಲ್ಲ. ಅಗತ್ಯವಾದುದರಲ್ಲಿ ಐಕ್ಯ, ಅನಗತ್ಯವಾದುದರಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲಿಯೂ ಪ್ರೀತಿ ಎಂಬ ಸೂತ್ರವೊಂದು ಮುಂದಿನ ಶತಮಾನದಲ್ಲಿ ಜರ್ಮನಿಯಲ್ಲಿಯೇ ಹುಟ್ಟಿತು. ಸೂತ್ರ ಸುಂದರವಾದುದು. ಆದರೆ ಮಾರ್ಬುರ್ಗಿನಲ್ಲಿ ವಿವಾದಕ್ಕೆ ಬಂದಿದ್ದುದೇ ಅಗತ್ಯವಾವುದು, ಅನಗತ್ಯವಾವುದು ಎಂಬ ಪ್ರಶ್ನೆ. ಒಬ್ಬನಿಗೆ ಜೀವವಾದುದು ಇನ್ನೊಬ್ಬನಿಗೆ ಬರಿಯ ಹೊರಗವಸು. ಅಂತಹ ಕಡೆ ಸೂತ್ರವು ಕೈಕೊಡುತ್ತದೆ. ಮನಸ್ಸಾಕ್ಷಿಯನ್ನೇ ಅಳತೆಗೋಲಾಗಿಟ್ಟ ಹದಿನೈದನೆಯ ಅಂಶವು ಆಗಲೂ ನಿಲ್ಲುತ್ತದೆ.

ಅದರಲ್ಲಿ ಒಂದು ದೋಷಕ್ಕೂ ಎಡೆಯಿತ್ತು. ಮನಸ್ಸಾಕ್ಷಿ ಒಪ್ಪುವಷ್ಟು ಎಂದರೆ ಎಷ್ಟು? ಪ್ರೀತಿಯನ್ನು ಕೊನೆಯ ಗಡಿಯವರೆಗೆ ಒಯ್ಯುವುದಕ್ಕೂ ಆ ಮಾತನ್ನು ಬಳಸಬಹುದು, ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಡುವುದಕ್ಕೂ ಬಳಸಬಹುದು. ರುಜು ಹಾಕಿದ ಮಹನೀಯರು ಎರಡನೆಯ ದಾರಿಯನ್ನು ಹಿಡಿದರು. ಎರಡು ವರ್ಷ ತುಂಬಿದೊಡನೆಯೇ, ೧೫೩೧ರ ಅಕ್ಟೋಬರ್ ೧೧ರಂದು, ಕಾಪೆಲ್ ಎಂಬಲ್ಲಿ ಕ್ಯಾಥೊಲಿಕ್ ಪ್ರಾಂತಗಳೊಡನೆ ನಡೆದ ಕಾಳಗದಲ್ಲಿ ಜ್ವಿಂಗ್ಲಿ ಮಡಿದನು. ವೈರಿಗಳು ಅವನ ದೇಹವನ್ನು ತುಂಡುಮಾಡಿ ಸುಟ್ಟರು. ಸುದ್ದಿ ಕೇಳಿದ ಲೂಥರನು ಅದರಲ್ಲಿ ದೇವರ ದಂಡನೆಯನ್ನು ಕಂಡನು. ಮುಂದಿನ ತಿಂಗಳು ಈಕೊಲಂಪಾಡಿಯಸನೂ ತೀರಿಕೊಂಡನು. ಮಾರ್ಬುರ್ಗಿನ ಮೇಜಿನಿಂದ ಎದ್ದಾಗ, ಮತ್ತೊಮ್ಮೆ ಕೂಡಿ ಮಾತನಾಡಬಹುದೆಂದು ಯಾರಾದರೂ ಅಂದುಕೊಂಡಿದ್ದರೆ, ಅದು ಆಗದೆಯೇ ಹೋಯಿತು.

ಕಣ್ಣೀರಿಟ್ಟವನೇ ಕರುಣಾಳು, ಕೈ ಹಿಡಿಯದವನೇ ಕಠೋರಿ ಎಂದು ಹಂಚಿಬಿಡುವುದೂ ನ್ಯಾಯವಲ್ಲ. ಶಿಶುಗಳಿಗೆ ದೀಕ್ಷಾಸ್ನಾನ ಸಲ್ಲದು, ತಿಳಿದು ನಂಬಿದವರಿಗೆ ಮಾತ್ರ ಅದು ಸಲ್ಲುವುದೆಂದು ವಾದಿಸಿದ ಫೇಲಿಕ್ಸ್ ಮಾಂಟ್ಸ್ ಎಂಬಾತನನ್ನು ೧೫೨೭ರ ಜನವರಿ ೫ರಂದು ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದುದು ಜ್ವಿಂಗ್ಲಿಯದೇ ಆದ ಜೂರಿಕ್ ನಗರ. ಅವನು ಜ್ವಿಂಗ್ಲಿಯ ಬಳಿಯಲ್ಲಿಯೇ ಸತ್ಯವೇದವನ್ನು ಓದಿದವನು. ಮಾರ್ಬುರ್ಗಿನಲ್ಲಿ ಜ್ವಿಂಗ್ಲಿ ಕೇಳಿದ ಸಹೋದರತ್ವ ಜೂರಿಕ್ಕಿನಲ್ಲಿ ಅವನ ಶಿಷ್ಯನಿಗೆ ದೊರಕಿರಲಿಲ್ಲ. ಜೂರಿಕ್ಕಿನ ಸುಧಾರಿತ ಸಭೆಯು ಆ ತಪ್ಪನ್ನು ಒಪ್ಪಿಕೊಂಡು, ಹೊಳೆಯ ದಡದಲ್ಲಿ ಸ್ಮಾರಕಶಿಲೆಯನ್ನಿಟ್ಟು, ಅವನ ಪಂಥದ ವಾರಸುದಾರರ ಕ್ಷಮೆ ಬೇಡಿದುದು ೨೦೦೪ರಲ್ಲಿ.

ಇತ್ತ ಲೂಥರನ ಕೈಯೂ ಎಂದಿಗೂ ಚಾಚಲಾರದ ಕೈಯಾಗಿರಲಿಲ್ಲ. ನಿಮ್ಮ ಆತ್ಮವೇ ಬೇರೆ ಎಂದು ಯಾವ ಬುಟ್ಸರನಿಗೆ ಹೇಳಿದ್ದನೋ ಅದೇ ಬುಟ್ಸರನು ಛಲ ಬಿಡದೆ ಊರೂರು ಸುತ್ತಿ, ಪತ್ರದ ಮೇಲೆ ಪತ್ರ ಬರೆದು, ೧೫೩೬ರ ಮೇ ತಿಂಗಳಲ್ಲಿ ದಕ್ಷಿಣ ಜರ್ಮನಿಯ ಬೋಧಕರನ್ನು ಕರೆದುಕೊಂಡು ವಿಟ್ಟೆನ್‌ಬರ್ಗಿಗೆ ಬಂದನು. ಭಕ್ತಿಯಿಲ್ಲದವನು ಪ್ರಭುಭೋಜನದಲ್ಲಿ ಪಡೆಯುವುದೇನು ಎಂಬ ಪ್ರಶ್ನೆಯಲ್ಲಿ ಮಾತು ಸಿಕ್ಕಿಬಿದ್ದಿತು. ಭಕ್ತಿಯಿಲ್ಲದವನು ಎಂಬುದರ ಬದಲು ಅಯೋಗ್ಯನು ಎಂಬ ಪದ ಸಾಕೆಂದು ತೀರ್ಮಾನವಾಯಿತು. ಉಳಿದ ಭೇದವನ್ನು ಹಿಡಿದು ಜಗಳವಾಡುವುದಿಲ್ಲವೆಂದು ಲೂಥರನು ಒಪ್ಪಿದನು. ಅವರನ್ನು ಸಹೋದರರೆಂದು ಕರೆದಾಗ ಬುಟ್ಸರನೂ ಅವನ ಸಂಗಡಿಗನೂ ಅತ್ತುಬಿಟ್ಟರೆಂದು ಅಲ್ಲಿದ್ದವರು ಬರೆದಿದ್ದಾರೆ. ಏಳು ವರ್ಷಗಳಲ್ಲಿ ಲೂಥರನು ತನ್ನ ಸಿದ್ಧಾಂತದ ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಬದಲಾಗಿದ್ದುದು ಎದುರಿಗಿದ್ದವರನ್ನು ನೋಡುವ ಕಣ್ಣು. ಬೇರೆ ಮಾತನ್ನಾಡುವವನ ಆತ್ಮವೂ ಬೇರೆಯೆಂಬ ತೀರ್ಪನ್ನು ಅವನು ಹಿಂದಕ್ಕೆ ತೆಗೆದುಕೊಂಡಿದ್ದನು. ಸ್ವಿಸರಿಗೆ ಮಾತ್ರ ಆ ಭಾಗ್ಯ ದೊರೆಯಲಿಲ್ಲ. ಮೆಲಾಂಕ್ತನನು ೧೫೬೦ರಲ್ಲಿ ಸಾಯುವ ಕೆಲವು ದಿನಗಳ ಮುಂಚೆ, ಸಾವಿಗೆ ಏಕೆ ಅಂಜಬಾರದೆಂಬುದಕ್ಕೆ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡನು. ಧರ್ಮಪಂಡಿತರ ರೋಷದಿಂದ ಬಿಡುಗಡೆ ದೊರೆಯುವುದೆಂಬುದು ಅವುಗಳಲ್ಲಿ ಒಂದು.

ಅಪ್ಪಣೆಯ ಐಕ್ಯ, ದುಡಿಮೆಯ ಐಕ್ಯ

ಜಗಳವು ಮೂರು ಶತಮಾನ ಹಳೆಯದಾದಾಗ ಅದನ್ನು ಅಪ್ಪಣೆಯಿಂದ ಮುಗಿಸಲು ಹೊರಟವನು ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ. ಅವನು ಜ್ವಿಂಗ್ಲಿ ಕಾಲ್ವಿನರ ಪರಂಪರೆಯ ಸುಧಾರಿತ ಸಭೆಯವನು. ಅವನ ರಾಣಿ ಲೂಯಿಸ ಲೂಥರನ ಸಭೆಯವಳು. ಒಂದೇ ಅರಮನೆಯಲ್ಲಿ ಬಾಳಿದ ದಂಪತಿಗಳು ಒಂದೇ ಪ್ರಭುಭೋಜನದಲ್ಲಿ ಕೂಡಲಾರದೆ ಹೋದರು. ಆ ನೋವು ಮನುಷ್ಯಸಹಜವಾದುದು. ರಾಣಿ ೧೮೧೦ರಲ್ಲಿ ತೀರಿಕೊಂಡಳು. ೧೮೧೭ರಲ್ಲಿ ದೊರೆಯು ಎರಡು ಸಭೆಗಳೂ ಒಂದಾಗಬೇಕೆಂದು ಸಾರಿದನು. ಬರಬರುತ್ತ ಒಂದೇ ಬಗೆಯ ಆರಾಧನಾಕ್ರಮವನ್ನು ಎಲ್ಲರ ಮೇಲೂ ಹೇರಿದನು. ಒಪ್ಪದ ಲೂಥರನ್ ಬೋಧಕರು ಸೆರೆಮನೆ ಸೇರಿದರು. ೧೮೩೪ರ ಡಿಸೆಂಬರಿನಲ್ಲಿ ಸೈಲೀಷಿಯದ ಹ್ಯೋನಿಗರ್ನ್ ಎಂಬ ಹಳ್ಳಿಯಲ್ಲಿ ಸೈನಿಕರು ಬಂದು, ಕಾವಲು ನಿಂತಿದ್ದ ಭಕ್ತರನ್ನು ಚದುರಿಸಿ, ದೇವಾಲಯದ ಬಾಗಿಲನ್ನು ಬಲಾತ್ಕಾರವಾಗಿ ತೆರೆಯಿಸಿದರು. ೧೮೩೮ರಲ್ಲಿ ಇಂತಹ ಕುಟುಂಬಗಳು ಹಡಗು ಹತ್ತಿ ದೂರದ ಆಸ್ಟ್ರೇಲಿಯಕ್ಕೆ ವಲಸೆ ಹೋದವು. ಪ್ರೀತಿಯ ಹೆಸರಿನಲ್ಲಿ ಹುಟ್ಟಿದ ಐಕ್ಯವು ಪರರ ಮನಸ್ಸಾಕ್ಷಿಯನ್ನು ಲೆಕ್ಕಿಸದೆ ಹೋದುದರಿಂದ ಕಡೆಗೆ ಬಂದೂಕನ್ನು ಹಿಡಿಯಿತು.

ಅದೇ ೧೮೩೪ರ ಅಕ್ಟೋಬರ್ ತಿಂಗಳಲ್ಲಿ, ಸಾವಿರಾರು ಮೈಲಿ ದೂರದ ಮಂಗಳೂರಿನಲ್ಲಿ ಮೂವರು ಬೋಧಕರು ಬಂದಿಳಿದಿದ್ದರು: ಹೆಬಿಕ್, ಲೇನರ್, ಗ್ರೈನರ್. ಅವರನ್ನು ಕಳುಹಿಸಿದುದು ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್. ಬಾಸೆಲ್ ಎಂದರೆ ಮಾರ್ಬುರ್ಗಿನಲ್ಲಿ ಲೂಥರನ ಎದುರಿಗೆ ಕುಳಿತಿದ್ದ ಈಕೊಲಂಪಾಡಿಯಸನ ಊರು. ಸುಧಾರಿತ ಸಭೆಯ ನಗರ. ಆದರೆ ಆ ಸಂಸ್ಥೆಯ ಬೋಧಕರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲೂಥರನ್ ಮನೆಗಳಿಂದ ಬಂದವರು. ಮಾರ್ಬುರ್ಗಿನ ಮೇಜಿನ ಎರಡು ಬದಿಗಳ ಮೊಮ್ಮಕ್ಕಳು ಬಾಸೆಲಿನ ಒಂದೇ ಪಾಠಶಾಲೆಯಲ್ಲಿ ಓದಿ, ಒಂದೇ ಹಡಗನ್ನೇರಿ ಬಂದರೆಂದು ಹೇಳಬಹುದು. ೧೮೪೧ರಲ್ಲಿ ಮಂಗಳೂರಿನ ಅಚ್ಚುಕೂಟ, ೧೮೪೩ರಲ್ಲಿ ಮೋಗ್ಲಿಂಗರ ಮಂಗಳೂರ ಸಮಾಚಾರ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ, ೧೮೯೪ರಲ್ಲಿ ಕಿಟ್ಟೆಲರ ನಿಘಂಟು: ಕನ್ನಡಿಗರು ಕಂಡುದು ಈ ದುಡಿಮೆಯನ್ನು. ರೊಟ್ಟಿಯಲ್ಲಿ ಪ್ರಭುವಿನ ದೇಹವಿರುವ ಬಗೆಯನ್ನು ಕುರಿತು ಅವರೆಲ್ಲರ ನಂಬಿಕೆ ಒಂದೇ ಆಗಿತ್ತೆಂದಲ್ಲ. ಅದನ್ನು ತೀರಿಸಿಕೊಂಡ ಮೇಲೆಯೇ ಹೊಲಕ್ಕೆ ಇಳಿಯುತ್ತೇವೆಂದು ಅವರು ಕಾದು ಕುಳಿತುಕೊಳ್ಳಲಿಲ್ಲ, ಅಷ್ಟೆ.

ದಕ್ಷಿಣ ಭಾರತದಲ್ಲಿಯೇ ಇನ್ನೊಂದು ಪಾಠವೂ ನಡೆಯಿತು. ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಬೋಧಕರು, ಅವರಲ್ಲಿ ಬಹುಪಾಲು ಭಾರತೀಯರು, ಪರದೇಶದಿಂದ ಬಂದ ಪಂಗಡಭೇದಗಳನ್ನು ಈ ನೆಲದಲ್ಲಿ ಇನ್ನೂ ಸಾಕಿಕೊಂಡಿರಬೇಕೆ ಎಂದು ಕೇಳಿದರು. ಪ್ರಶ್ನೆ ಸುಲಭ, ಉತ್ತರಕ್ಕೆ ೨೮ ವರ್ಷ ಹಿಡಿಯಿತು. ಬಿಷಪ್ಪನ ಹಸ್ತದಿಂದ ದೀಕ್ಷೆ ಹೊಂದದವನು ಪೂರ್ಣ ಅರ್ಥದಲ್ಲಿ ಯಾಜಕನೇ ಎಂಬುದು ಆಂಗ್ಲಿಕನ್ನರ ಸಂಕಟ. ಪುನಃ ದೀಕ್ಷೆ ಕೊಡಿಸಿಕೊಳ್ಳಿರೆಂದರೆ, ಇದುವರೆಗೆ ಮಾಡಿದ ಸೇವೆಯೆಲ್ಲ ಸುಳ್ಳೆಂದು ಒಪ್ಪಿಕೊಂಡಂತಾಗುವುದಲ್ಲವೆ ಎಂಬುದು ಉಳಿದವರ ಸಂಕಟ. ಕಡೆಗೆ, ಆಗಲೇ ಇದ್ದ ಬೋಧಕರನ್ನೆಲ್ಲ ಇದ್ದಂತೆಯೇ ಒಪ್ಪಿಕೊಳ್ಳುವುದು, ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದ ಆಗುವುದು ಎಂದು ತೀರ್ಮಾನವಾಯಿತು. ಯಾವ ಊರಿನ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಬೋಧಕನನ್ನಾಗಲಿ ಆರಾಧನೆಯನ್ನಾಗಲಿ ಹೇರುವುದಿಲ್ಲವೆಂಬ ಪ್ರತಿಜ್ಞೆಯನ್ನೂ ಬರೆದುಕೊಂಡರು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಅದಕ್ಕಾಗಿ ಬಹುಕಾಲ ದುಡಿದ ಬಿಷಪ್ ಅಜರಯ್ಯನವರು ಅದನ್ನು ಕಾಣಲಿಲ್ಲ; ೧೯೪೫ರ ಮೊದಲನೆಯ ದಿನವೇ ಅವರು ತೀರಿಕೊಂಡಿದ್ದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಸಭೆಗಳು ಮುಂದೆ ಇದನ್ನು ಸೇರಿದವು. ಲೂಥರನ್ ಸಭೆಗಳು ಹೊರಗೆಯೇ ಉಳಿದವು. ಅವರ ಮನಸ್ಸಾಕ್ಷಿ ಒಪ್ಪಲಿಲ್ಲ. ಅದಕ್ಕಾಗಿ ಅವರ ಬಾಗಿಲಿಗೆ ಯಾರೂ ಸೈನಿಕರನ್ನು ಕಳುಹಿಸಲಿಲ್ಲ.

ಮೇಜಿನ ಆಚೆಯ ಬದಿ

ಮಾರ್ಬುರ್ಗಿನ ಕಡತ ಮುಚ್ಚಿದುದು ಬಾಸೆಲ್ ನಗರಕ್ಕೆ ಹತ್ತಿರದ ಲಾಯನ್‌ಬೆರ್ಗ್ ಎಂಬ ತಾಣದಲ್ಲಿ. ೧೯೭೩ರ ಮಾರ್ಚ್ ತಿಂಗಳಲ್ಲಿ ಯೂರೋಪಿನ ಲೂಥರನ್, ಸುಧಾರಿತ ಮತ್ತು ಸಂಯುಕ್ತ ಸಭೆಗಳ ಪ್ರತಿನಿಧಿಗಳು ಅಲ್ಲಿ ಒಂದು ಒಡಂಬಡಿಕೆಯನ್ನು ಸಿದ್ಧಪಡಿಸಿದರು. ಹಿಂದಿನವರು ಒಬ್ಬರ ಮೇಲೊಬ್ಬರು ಹೊರಿಸಿದ ಖಂಡನೆಗಳು ಇಂದಿನ ಸಭೆಗಳ ಬೋಧನೆಗೆ ತಗಲುವುದಿಲ್ಲ. ಒಬ್ಬರ ಉಪದೇಶಪೀಠಕ್ಕೂ ಪ್ರಭುಭೋಜನಕ್ಕೂ ಇನ್ನೊಬ್ಬರಿಗೆ ಪ್ರವೇಶವುಂಟು ಎಂದು ಅದು ಸಾರಿತು. ಯಾರೂ ತಮ್ಮ ಹಳೆಯ ನಂಬಿಕ್ಕೆಯ ಪತ್ರಗಳನ್ನು ಹರಿದು ಹಾಕಬೇಕಾಗಿ ಬರಲಿಲ್ಲ. ಲೂಥರನ ಮಕ್ಕಳು ಲೂಥರನ ಮಕ್ಕಳಾಗಿಯೇ ಉಳಿದರು, ಜ್ವಿಂಗ್ಲಿಯ ಮಕ್ಕಳು ಜ್ವಿಂಗ್ಲಿಯ ಮಕ್ಕಳಾಗಿಯೇ. ಆ ಒಡಂಬಡಿಕೆ ಜಾರಿಗೆ ಬಂದುದು ೧೯೭೪ರ ಅಕ್ಟೋಬರ್ ಒಂದರಂದು. ಮಾರ್ಬುರ್ಗಿನಲ್ಲಿ ಮೊದಲ ಮಾತು ನಡೆದ ದಿನವೂ ಅಕ್ಟೋಬರ್ ಒಂದೇ.

ನಾಲ್ಕೂವರೆ ಶತಮಾನಗಳ ಈ ಕಥೆಯಿಂದ ಸಿದ್ಧಾಂತಗಳು ವ್ಯರ್ಥವೆಂಬ ನೀತಿಯನ್ನು ಕೆಲವರು ತೆಗೆದಾರು. ಅದು ಅವಸರದ ನೀತಿ. ಯಾವುದನ್ನೂ ಗಟ್ಟಿಯಾಗಿ ನಂಬದವನು ಯಾರೊಡನೆಯೂ ಜಗಳವಾಡುವುದಿಲ್ಲ, ನಿಜ; ಅದು ಔದಾರ್ಯವಲ್ಲ, ಔದಾಸೀನ್ಯ. ಲೂಥರನ ಹಟದ ಹಿಂದೆ ಮರಣಶಯ್ಯೆಯ ಪಾಪಿಯನ್ನು ಕುರಿತ ಮರುಕವಿತ್ತು. ಆ ಮರುಕವು ಮೇಜಿನ ಆಚೆಯ ಬದಿಯನ್ನು ಮುಟ್ಟಲಿಲ್ಲವೆಂಬುದೇ ಕೊರತೆ. ಎದುರಿನವನ ಮಾತು ತಪ್ಪೆಂದು ಹೇಳುವ ಹಕ್ಕು ನಂಬಿಕೆಯುಳ್ಳ ಪ್ರತಿಯೊಬ್ಬನಿಗೂ ಉಂಟು. ಅವನ ಆತ್ಮವೇ ಬೇರೆಯೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಏಕೆಂದರೆ ಆತ್ಮವನ್ನು ಕಂಡವರಾರು?

ಇದು ಕ್ರೈಸ್ತರಿಗೆ ಮಾತ್ರ ಸಲ್ಲುವ ಮಾತಲ್ಲ. ಒಂದೇ ಗುರುವಿನ ಇಬ್ಬರು ಶಿಷ್ಯರು, ಒಂದೇ ಮಠದ ಎರಡು ಪಕ್ಷಗಳು, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬೇರೆ ಬೇರೆ ದೇವರಿಗೆ ನಡೆದುಕೊಳ್ಳುವ ಅಣ್ಣತಮ್ಮಂದಿರು, ಎಲ್ಲರ ಮುಂದೆಯೂ ಆ ಮೇಜು ಇದ್ದೇ ಇದೆ. ಅದರ ಮೇಲೆ ತಾನು ನಂಬಿದ ಅಕ್ಷರಗಳನ್ನು ಸೀಮೆಸುಣ್ಣದಿಂದ ಬರೆದಿಡುವುದು ತಪ್ಪಲ್ಲ. ಬೇಕಾದಾಗ ಹೊದಿಕೆ ಸರಿಸಿ ತೋರಿಸುವುದೂ ತಪ್ಪಲ್ಲ. ಆದರೆ ಬರೆದ ಕೈಯಲ್ಲಿ ಅಂಟಿದ ಸುಣ್ಣವನ್ನು ಒರೆಸಿಕೊಂಡು, ಎದುರಿನವನು ಏಳುವುದಕ್ಕೆ ಮೊದಲೇ ಆ ಕೈಯನ್ನು ಮುಂದಕ್ಕೆ ನೀಡಬೇಕು. ಕಾಪೆಲಿನ ಕಾಳಗ ಯಾವಾಗ ಬರುವುದೋ ಯಾರಿಗೂ ತಿಳಿಯದು.